ಎರಡು ವಾರಾಂತ್ಯ ಹಾಳಾಗಿದ್ದಕ್ಕೆ: ರಿಚರ್ಡ್ ಹ್ಯಾಮಿಂಗ್ ಬದುಕು

ರಾತ್ರಿಯೆಲ್ಲ ಕೂತು ಬರೆದ ಪ್ರಾಜೆಕ್ಟ್ ರಿಪೋರ್ಟನ್ನು ಪೆನ್‌ಡ್ರೈವ್‌ಗೆ ಹಾಕ್ಕೊಂಡು ಬೆಳಿಗ್ಗೆ ಲ್ಯಾಬ್‌ನಲ್ಲಿ ತೆಗೀತೀವಿ. ಹಾಕಿದ್ದು ಹಾಕಿದ ಹಾಗೇ ಇರುತ್ತೆ. ಇದರಲ್ಲೇನು ವಿಶೇಷ ಅಂತೀರಾ? ಒಳಗಿರುವ ಫ್ಲ್ಯಾಶ್ ಚಿಪ್ ಅಷ್ಟೇನೂ ನಂಬಿಕಸ್ಥ ಅಲ್ಲ. ಅದರ ಕೋಶಗಳಲ್ಲಿ ಹಿಡಿದಿಟ್ಟ ಎಲೆಕ್ಟ್ರಾನ್‌ಗಳು ದಿನ ಕಳೆದಂತೆ ಸೋರುತ್ತವೆ. ಅಕ್ಕಪಕ್ಕದ ಪೇಜ್ ಓದಿದರೂ ಕದಲುತ್ತವೆ. ಅಳಿಸಿ ಬರೆದಷ್ಟೂ ಕೋಶ ಸವೆಯುತ್ತದೆ. ಅಲ್ಲೊಂದು ಇಲ್ಲೊಂದು ಬಿಟ್ ತಿರುಗಿಬೀಳುತ್ತಲೇ ಇರುತ್ತದೆ, ಆದರೆ ನಮಗೆ ಗೊತ್ತಾಗುವ ಮೊದಲೇ ಅದು ಸರಿಯಾಗಿರುತ್ತದೆ. ಈ ಸರಿಪಡಿಸುವ ವಿದ್ಯೆಯ ಮೂಲ ಹುಡುಕಿಕೊಂಡು ಹೋದರೆ ಸಿಗುವ ಹೆಸರು ರಿಚರ್ಡ್ ವೆಸ್ಲಿ ಹ್ಯಾಮಿಂಗ್.

ಹ್ಯಾಮಿಂಗ್ ಹುಟ್ಟಿದ್ದು 1915ರ ಫೆಬ್ರವರಿ 11ರಂದು, ಶಿಕಾಗೋದಲ್ಲಿ. ನಮ್ಮ ಹಾಗೇ ಅವರಿಗೂ ಎಂಜಿನಿಯರಿಂಗ್ ಓದಬೇಕೆಂಬ ಆಸೆಯಿತ್ತು. ಆದರೆ ಅದು ಅಮೆರಿಕದಲ್ಲಿ ಮಹಾ ಆರ್ಥಿಕ ಕುಸಿತದ ಕಾಲ. ಸ್ಕಾಲರ್‌ಶಿಪ್ ಸಿಕ್ಕಿದ್ದು ಶಿಕಾಗೋ ವಿಶ್ವವಿದ್ಯಾಲಯದಲ್ಲಿ, ಅಲ್ಲಿ ಎಂಜಿನಿಯರಿಂಗ್ ವಿಭಾಗವೇ ಇರಲಿಲ್ಲ. ಹೀಗಾಗಿ ಗಣಿತ ಹಿಡಿದರು. 1937ರಲ್ಲಿ ಪದವಿ, 1939ರಲ್ಲಿ ನೆಬ್ರಾಸ್ಕಾದಲ್ಲಿ ಸ್ನಾತಕೋತ್ತರ ಪದವಿ, 1942ರಲ್ಲಿ ಇಲಿನಾಯ್‌ನಲ್ಲಿ ಪಿಎಚ್‌ಡಿ. ಸೀಟು ಸಿಗದೆ ಬೇರೆ ಬ್ರಾಂಚ್‌ಗೆ ಬಂದವರು ಈ ಮಾತು ನೆನಪಿಟ್ಟುಕೊಳ್ಳಬಹುದು!

1945ರಲ್ಲಿ ಅವರು ಲಾಸ್ ಅಲಮೋಸ್‌ಗೆ ಹೋದರು. ಅಣುಬಾಂಬ್ ತಯಾರಾಗುತ್ತಿದ್ದ ಜಾಗ ಅದು. ಭೌತವಿಜ್ಞಾನಿಗಳು ಕೊಟ್ಟ ಸಮೀಕರಣಗಳನ್ನು ಐಬಿಎಂ ಲೆಕ್ಕದ ಯಂತ್ರಗಳ ಮೇಲೆ ಓಡಿಸುವುದು ಅವರ ಕೆಲಸ. ಪತ್ನಿ ವಾಂಡಾ ಕೂಡ ಅಲ್ಲೇ ಲೆಕ್ಕ ಮಾಡುವ ಕೆಲಸಕ್ಕೆ ಸೇರಿದರು. ಮೊದಲ ಸ್ಫೋಟ ಪರೀಕ್ಷೆಗೆ ಸ್ವಲ್ಪ ಮುಂಚೆ ಒಬ್ಬರು ಬಂದು ಒಂದು ಲೆಕ್ಕ ಪರಿಶೀಲಿಸಿಕೊಡಿ ಎಂದು ಕೇಳಿಕೊಂಡರಂತೆ. ಬಾಂಬ್ ಸಿಡಿದಾಗ ಭೂಮಿಯ ವಾತಾವರಣಕ್ಕೇ ಬೆಂಕಿ ಹತ್ತಿಕೊಳ್ಳುತ್ತದೆಯೇ ಅನ್ನುವ ಲೆಕ್ಕ ಅದು! ಹ್ಯಾಮಿಂಗ್ ಅದನ್ನು ಬೇರೆಯವರಿಗೆ ದಾಟಿಸದೆ ತಾವೇ ಕೂತು ನೋಡಿದರು. ಕೂಡಿ ಕಳೆದಿದ್ದೆಲ್ಲ ಸರಿಯಿತ್ತು. ಆದರೆ ಅದರಲ್ಲಿ ಬಳಸಿದ್ದ ಸೂತ್ರಗಳೇ ಸರಿಯೋ ಇಲ್ಲವೋ ಹೇಳಲು ಅವರಿಂದಾಗಲಿಲ್ಲ, ಅಷ್ಟು ಹೆಚ್ಚಿನ ಶಕ್ತಿಯ ಮಟ್ಟದಲ್ಲಿ ಯಾರೂ ಪ್ರಯೋಗ ಮಾಡಿ ನೋಡಿರಲಿಲ್ಲ. ಕೇಳಿದವರಿಗೆ ಬೇಕಿದ್ದದ್ದು ಅಂಕಗಣಿತದ ತಪಾಸಣೆ ಅಷ್ಟೇ. ಚಿಂತೆಗೆ ಬಿದ್ದ ಹ್ಯಾಮಿಂಗ್‌ಗೆ ಗೆಳೆಯರೊಬ್ಬರು ಸಮಾಧಾನ ಹೇಳಿದ ರೀತಿಯೂ ವಿಚಿತ್ರ: ತಪ್ಪಾದರೂ ಯಾರೂ ನಿನ್ನನ್ನು ದೂರುವುದಿಲ್ಲ ಅಂತ. ದೂರಲು ಯಾರಾದರೂ ಉಳಿದಿದ್ದರೆ ತಾನೇ! ಈ ಘಟನೆಯನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

1946ರಲ್ಲಿ ಬೆಲ್ ಲ್ಯಾಬ್ಸ್ ಸೇರಿದರು. ಕೆಲಕಾಲ ಕ್ಲಾಡ್ ಶ್ಯಾನನ್ ಜೊತೆ ಒಂದೇ ಕೊಠಡಿಯಲ್ಲಿ ಕೂತು ಕೆಲಸ ಮಾಡಿದರು. ಆಗ ಅಲ್ಲಿದ್ದದ್ದು ಮಾಡೆಲ್ 5 ಎಂಬ ರಿಲೇ ಕಂಪ್ಯೂಟರ್. ಸುಮಾರು 9,000 ರಿಲೇಗಳು ಟಕಟಕ ಎನ್ನುತ್ತಾ ಲೆಕ್ಕ ಮಾಡುವ ಯಂತ್ರ. ಒಂದು ರಿಲೇ ಕೈಕೊಟ್ಟರೂ ತಪ್ಪಾಗಿದೆ ಎಂದು ಗುರುತಿಸುವ ಸ್ವಯಂ ತಪಾಸಣೆ ಅದರಲ್ಲಿತ್ತು. ವಾರದ ದಿನಗಳಲ್ಲಿ ಹೀಗಾದರೆ ಆಪರೇಟರ್ ಬಂದು ಸರಿಮಾಡುತ್ತಿದ್ದರು. ಹ್ಯಾಮಿಂಗ್ ಅವರ ಲೆಕ್ಕಗಳಿಗೆ ಸಿಗುತ್ತಿದ್ದದ್ದು ವಾರಾಂತ್ಯ ಮಾತ್ರ. ಆಗ ಆಪರೇಟರ್ ಇಲ್ಲ, ತಪ್ಪು ಕಂಡರೆ ಯಂತ್ರ ಆ ಕೆಲಸವನ್ನೇ ಕೈಬಿಟ್ಟು ಮುಂದಿನದಕ್ಕೆ ಹೋಗುತ್ತಿತ್ತು. ಸೋಮವಾರ ಬಂದು ನೋಡಿದರೆ ಏನೂ ಆಗಿಲ್ಲ. ಮುಂದಿನ ವಾರವೂ ಅದೇ ಕಥೆ. ಹ್ಯಾಮಿಂಗ್‌ಗೆ ರೇಗಿಹೋಯಿತು. ತಪ್ಪಾಗಿದೆ ಅಂತ ಹೇಳುವಷ್ಟು ಬುದ್ಧಿ ಯಂತ್ರಕ್ಕಿದ್ದರೆ, ಎಲ್ಲಿ ತಪ್ಪಾಗಿದೆ ಅಂತ ಕಂಡುಹಿಡಿದು ತಾನೇ ಯಾಕೆ ಸರಿಮಾಡಿಕೊಳ್ಳಬಾರದು? ಕೋಪದಲ್ಲಿ ಹುಟ್ಟಿದ ಈ ಪ್ರಶ್ನೆಯನ್ನು ಅವರು ಬಿಡಲಿಲ್ಲ.

ಉತ್ತರ ಎಷ್ಟು ಸರಳ ನೋಡಿ. ನಾಲ್ಕು ಡೇಟಾ ಬಿಟ್‌ಗೆ ಮೂರು ಪ್ಯಾರಿಟಿ ಬಿಟ್ ಸೇರಿಸಿ ಏಳು ಸ್ಥಾನ ಮಾಡಿಕೊಳ್ಳಿ. 1, 2, 4ನೇ ಸ್ಥಾನಗಳು ಪ್ಯಾರಿಟಿಗೆ, 3, 5, 6, 7 ಡೇಟಾಗೆ. ಮೊದಲ ಪ್ಯಾರಿಟಿ 1, 3, 5, 7ನೇ ಸ್ಥಾನಗಳನ್ನೂ, ಎರಡನೆಯದು 2, 3, 6, 7ನ್ನೂ, ಮೂರನೆಯದು 4, 5, 6, 7ನ್ನೂ ಕಾಯುತ್ತದೆ. ಪ್ರತಿ ಗುಂಪಿನಲ್ಲೂ 1ಗಳ ಸಂಖ್ಯೆ ಸಮ ಇರಬೇಕು. ಡೇಟಾ 1011 ಆದರೆ ಸಂಕೇತ 0110011. ಐದನೇ ಬಿಟ್ ತಿರುಗಿಬಿದ್ದು 0110111 ಆಯಿತು ಅನ್ನಿ. ಮೊದಲ ಗುಂಪು ಬೆಸ, ಎರಡನೆಯದು ಸಮ, ಮೂರನೆಯದು ಬೆಸ. ಕೆಟ್ಟ ಗುಂಪುಗಳ ಪ್ಯಾರಿಟಿ ಸ್ಥಾನಗಳನ್ನು ಕೂಡಿ: 1 ಮತ್ತು 4, ಒಟ್ಟು 5. ತಪ್ಪು ತನ್ನ ವಿಳಾಸವನ್ನು ತಾನೇ ಹೇಳಿಬಿಟ್ಟಿತು!

ಪೇಟೆಂಟ್ ಕೆಲಸದಿಂದಾಗಿ ಈ ಲೇಖನ ಹೊರಬರುವುದು ತಡವಾಯಿತು. ಶ್ಯಾನನ್ ತಮ್ಮ 1948ರ ಪ್ರಸಿದ್ಧ ಲೇಖನದಲ್ಲಿ ಈ ಏಳು ಬಿಟ್‌ನ ಉದಾಹರಣೆ ಕೊಟ್ಟರು. 1949ರಲ್ಲಿ ಮಾರ್ಸೆಲ್ ಗೊಲೇ ತಮ್ಮದೇ ಸಂಕೇತಗಳನ್ನು ಪ್ರಕಟಿಸಿದರು. ಹ್ಯಾಮಿಂಗ್ ಲೇಖನ ಅಚ್ಚಾಗಿದ್ದು 1950ರಲ್ಲಿ.

ಇನ್ನು ಫ್ಲ್ಯಾಶ್‌ಗೆ ಬರೋಣ. ಲಿನಕ್ಸ್‌ನಲ್ಲಿ ನ್ಯಾಂಡ್ ಚಿಪ್‌ಗಳಿಗೆ ಬಳಸುವ ಹ್ಯಾಮಿಂಗ್ ಸಂಕೇತ 256 ಬೈಟ್‌ಗೆ 22 ಬಿಟ್ ತಗೊಳ್ಳುತ್ತದೆ, ಅಂದರೆ ಮೂರೇ ಬೈಟ್‌ನಲ್ಲಿ ಮುಗಿಯಿತು. ಅಷ್ಟಕ್ಕೆ ಎಲ್ಲ ಸುಸೂತ್ರವೇ? ಅಲ್ಲ. ಫ್ಲ್ಯಾಶ್‌ನಲ್ಲಿ 1ನ್ನು 0 ಮಾಡಬಹುದು, ಆದರೆ 0ಯನ್ನು ಮತ್ತೆ 1 ಮಾಡಲು ಇಡೀ ಬ್ಲಾಕ್ ಅಳಿಸಬೇಕು. ಜೆಎಫ್‌ಎಫ್‌ಎಸ್2 ಎಂಬ ಫೈಲ್ ಸಿಸ್ಟಮ್ ಸಾಮಾನ್ಯ ನಾರ್ ಫ್ಲ್ಯಾಶ್‌ನಲ್ಲಿ ಇದನ್ನೇ ಉಪಾಯವಾಗಿ ಬಳಸುತ್ತಿತ್ತು. ಹಳೆಯ ದಾಖಲೆ ಬೇಡವಾದರೆ ಅದರ ತಲೆಬರಹದಲ್ಲಿ ಒಂದು ಬಿಟ್ 0 ಮಾಡಿ ರದ್ದು ಮಾಡುವುದು. ಪ್ಯಾರಿಟಿ ಜೊತೆಗಿದ್ದರೆ ಈ ಆಟ ನಡೆಯಲ್ಲ. ಮೇಲಿನ 0110011ರಲ್ಲಿ ಮೂರನೇ ಬಿಟ್ ಅಳಿಸಿ ನೋಡಿ: 1 ಮತ್ತು 2ನೇ ಪ್ಯಾರಿಟಿ ಎರಡೂ ಬದಲಾಗಬೇಕು. ಒಂದನೆಯದು 0ಯಿಂದ 1 ಆಗಬೇಕು, ಅದು ಅಸಾಧ್ಯ! ಹಾಗೇ ಬಿಟ್ಟರೆ ಯಂತ್ರ ನಮ್ಮ ಬದಲಾವಣೆಯನ್ನೇ ತಪ್ಪು ಎಂದು ತಿಳಿದು ಹಳೆಯದಕ್ಕೆ ತಿರುಗಿಸಿಬಿಡುತ್ತದೆ. ಆದ್ದರಿಂದ ಇಂಥ ಚಿಪ್‌ಗಳ ಮೇಲೆ ಹಳೆಯದನ್ನು ಮುಟ್ಟುವಂತಿಲ್ಲ. ಹೊಸ ದಾಖಲೆಗೆ ಹೆಚ್ಚಿನ ವರ್ಷನ್ ಸಂಖ್ಯೆ ಕೊಟ್ಟು ಬೇರೆ ಕಡೆ ಬರೆಯಬೇಕು, ಓದುವಾಗ ದೊಡ್ಡ ಸಂಖ್ಯೆಯದೇ ಗೆಲ್ಲುತ್ತದೆ.

ಇನ್ನೊಂದು ಮಿತಿಯೂ ಇದೆ. ಒಂದಕ್ಕಿಂತ ಹೆಚ್ಚು ಬಿಟ್ ಕೆಟ್ಟರೆ ಹ್ಯಾಮಿಂಗ್ ಸಂಕೇತ ಮೋಸಹೋಗಿ ಸರಿಯಿದ್ದ ಬಿಟ್ಟನ್ನೇ ತಿದ್ದಬಹುದು. ಜೆಎಫ್‌ಎಫ್‌ಎಸ್2 ಪ್ರತಿ ದಾಖಲೆಗೂ ಪ್ರತ್ಯೇಕವಾಗಿ ಸಿಆರ್‌ಸಿ ಇಡುತ್ತದೆ. ಲಿನಕ್ಸ್‌ನ ಯುಬಿಐ ಪದರ, ತಿದ್ದಬೇಕಾಗಿ ಬಂದ ಬ್ಲಾಕಿನ ಡೇಟಾವನ್ನು ಇನ್ನಷ್ಟು ಕೆಡುವ ಮುನ್ನ ಬೇರೆ ಬ್ಲಾಕ್‌ಗೆ ಸಾಗಿಸುತ್ತದೆ. ಒಂದೇ ಕೋಶದಲ್ಲಿ ಎರಡು ಮೂರು ಬಿಟ್ ತುಂಬುವ ಇಂದಿನ ಚಿಪ್‌ಗಳಿಗೆ ಬಿಸಿಎಚ್, ಎಲ್‌ಡಿಪಿಸಿಯಂಥ ಗಟ್ಟಿ ಸಂಕೇತಗಳು ಬೇಕು. ಇಷ್ಟಾದರೂ ಒಂದು ಮಾತು ಉಳಿಯುತ್ತದೆ: ಫೈಲ್ ಸಿಸ್ಟಮ್ಮೇ ತಪ್ಪು ಬರೆದರೆ ಸಂಕೇತ ಆ ತಪ್ಪನ್ನೇ ನಿಷ್ಠೆಯಿಂದ ಕಾಪಾಡುತ್ತದೆ. ಕೂಡಿದ್ದು ಸರಿ, ಸೂತ್ರ ಗೊತ್ತಿಲ್ಲ. ಲಾಸ್ ಅಲಮೋಸ್‌ನ ಆ ಲೆಕ್ಕ ನೆನಪಾಗುತ್ತೆ ಅಲ್ವಾ?

ಹ್ಯಾಮಿಂಗ್ ಸ್ವಭಾವದಲ್ಲಿ ಸ್ವಲ್ಪ ಖಾರ. ಬೆಲ್ ಲ್ಯಾಬ್ಸ್‌ನಲ್ಲಿ ಊಟಕ್ಕೆ ರಸಾಯನವಿಜ್ಞಾನಿಗಳ ಟೇಬಲ್‌ನಲ್ಲಿ ಕೂತು, ನಿಮ್ಮ ಕ್ಷೇತ್ರದ ಮುಖ್ಯ ಸಮಸ್ಯೆಗಳು ಯಾವುವು ಎಂದು ಕೇಳುತ್ತಿದ್ದರು. ಮತ್ತೆ ಅವುಗಳ ಮೇಲೆ ನೀವ್ಯಾಕೆ ಕೆಲಸ ಮಾಡುತ್ತಿಲ್ಲ ಅಂತಲೂ ಕೇಳಿದರು. ಆ ಟೇಬಲ್‌ನಲ್ಲಿ ಆಮೇಲೆ ಅವರಿಗೆ ಸ್ವಾಗತ ಇರಲಿಲ್ಲ!

1968ರಲ್ಲಿ ಟ್ಯೂರಿಂಗ್ ಪ್ರಶಸ್ತಿ ಬಂತು. 1976ರಲ್ಲಿ ಬೆಲ್ ಲ್ಯಾಬ್ಸ್ ಬಿಟ್ಟು ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿನಲ್ಲಿ ಮೇಷ್ಟರಾದರು. ಎಂಜಿನಿಯರಿಂಗ್ ಸೀಟು ಸಿಗದ ಹುಡುಗ ಎಂಜಿನಿಯರುಗಳಿಗೇ ಪಾಠ ಹೇಳಿದರು. 1997ರ ಡಿಸೆಂಬರ್‌ವರೆಗೂ ತರಗತಿ ತಗೊಂಡರು. ಮರುತಿಂಗಳು, 1998ರ ಜನವರಿ 7ರಂದು, 82ನೇ ವಯಸ್ಸಿನಲ್ಲಿ ತೀರಿಕೊಂಡರು.

ಮುಂದಿನ ಸಲ ನಿಮ್ಮ ಪ್ರೋಗ್ರಾಂ ಎರರ್ ಕೊಟ್ಟು ನಿಂತಾಗ ರೇಗಲಿ, ಪರವಾಗಿಲ್ಲ. ಆಮೇಲೆ ಹ್ಯಾಮಿಂಗ್ ಕೇಳಿದ ಪ್ರಶ್ನೆಯನ್ನೂ ಒಮ್ಮೆ ಕೇಳಿ ನೋಡಿ.