ದೃಷ್ಟಿ ಕಳೆದುಕೊಂಡರೂ ಕಡಲ ಪುಟ್ಟ ಜೀವಿಗಳನ್ನು ಲೋಕಕ್ಕೆ ಪರಿಚಯಿಸಿದ ರಂಫಿಯಸ್

ಇಂಡೋನೇಷ್ಯಾದ ಅಂಬೊನ್ ಕೊಲ್ಲಿಗೆ ಸ್ಕೂಬಾ ಡೈವಿಂಗ್ ಮಾಡಲು ಬರುವವರು ಹುಡುಕುವುದು ಶಾರ್ಕ್ ಅಥವಾ ತಿಮಿಂಗಿಲವನ್ನಲ್ಲ. ಹವಳದ ಸಂದಿಯಲ್ಲಿ, ಕೆಸರಿನ ಮೇಲೆ ಅಡಗಿ ಕೂತ ಪುಟ್ಟ ಮೀನು, ಏಡಿ, ಸೀಗಡಿಗಳೇ ಇಲ್ಲಿನ ಆಕರ್ಷಣೆ. ಮೈತುಂಬ ಪಟ್ಟೆಗಳಿರುವ ‘ಸೈಕೆಡೆಲಿಕ್ ಫ್ರಾಗ್‌ಫಿಶ್’ 2008ರಲ್ಲಿ ಪತ್ತೆಯಾಗಿದ್ದು ಇಲ್ಲೇ. ಡೈವಿಂಗ್ ಉಪಕರಣಗಳೇ ಇಲ್ಲದ 17ನೇ ಶತಮಾನದಲ್ಲಿ ಇದೇ ಕಡಲಿನ ಏಡಿ, ಚಿಪ್ಪುಗಳನ್ನು ಒಂದೊಂದಾಗಿ ವಿವರಿಸಿ ಬರೆದಿಟ್ಟವರು ಜಾರ್ಜ್ ಎಬರ್‌ಹಾರ್ಡ್ ರಂಫಿಯಸ್.

1627ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ರಂಫಿಯಸ್, ಡಚ್ ಈಸ್ಟ್ ಇಂಡಿಯಾ ಕಂಪನಿಯ ಸೈನಿಕನಾಗಿ ಅಂಬೊನ್‌ಗೆ ಬಂದರು. ಮುಂದೆ ಕಂಪನಿಯ ವ್ಯಾಪಾರ ವಿಭಾಗ ಸೇರಿದರು. ಲವಂಗದ ವಹಿವಾಟು ಹೊಟ್ಟೆಪಾಡಾದರೆ, ದ್ವೀಪದ ಗಿಡಮರ, ಚಿಪ್ಪುಗಳ ಅಧ್ಯಯನವೇ ಅವರ ನಿಜವಾದ ಆಸಕ್ತಿಯಾಗಿತ್ತು. ಸ್ಥಳೀಯರಿಂದ ಕೇಳಿ ತಿಳಿದ ಹೆಸರು, ಬಳಕೆಗಳನ್ನೂ ಅವರು ದಾಖಲಿಸುತ್ತಿದ್ದರು.

1670ರಲ್ಲಿ, ಇನ್ನೂ 42ರ ವಯಸ್ಸಿನಲ್ಲಿ, ಅವರ ಎರಡೂ ಕಣ್ಣುಗಳ ದೃಷ್ಟಿ ಹೋಯಿತು. ಅಲ್ಲಿಯವರೆಗೆ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ಸಹಾಯಕರಿಗೆ ಆ ಭಾಷೆ ಬಾರದ ಕಾರಣ ಡಚ್‌ನಲ್ಲಿ ಹೇಳಿ ಬರೆಸತೊಡಗಿದರು. ಚಿಪ್ಪುಗಳನ್ನು ಕೈಯಿಂದ ಮುಟ್ಟಿ ಗುರುತಿಸಬೇಕಾಯಿತು.

1674ರ ಫೆಬ್ರವರಿ 17ರ ಸಂಜೆ ಅಂಬೊನ್‌ನಲ್ಲಿ ಭೂಕಂಪವಾಯಿತು. ಚೀನೀ ಹೊಸ ವರ್ಷದ ಸಂಭ್ರಮದ ಹೊತ್ತಿನಲ್ಲಿ ಗೋಡೆ ಕುಸಿದು ಪತ್ನಿ ಸುಸಾನ್ನಾ ಮತ್ತು ಮಗಳು ಸಾವನ್ನಪ್ಪಿದರು. ಬೆನ್ನಲ್ಲೇ ಅಪ್ಪಳಿಸಿದ ಸುನಾಮಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ಪಡೆಯಿತು. ಆ ದುರಂತದ ಬಗ್ಗೆ ರಂಫಿಯಸ್ ಬರೆದ ವರದಿ, ಇಂಡೋನೇಷ್ಯಾದ ಸುನಾಮಿಯ ಮೊದಲ ವಿಸ್ತೃತ ದಾಖಲೆಯಾಗಿ ಉಳಿದಿದೆ. ಗಿಡಗಳ ಸಂಗ್ರಹಕ್ಕೆ ನೆರವಾಗಿದ್ದ ಪತ್ನಿಯ ಹೆಸರನ್ನು ಅವರು ಒಂದು ಬಿಳಿ ಆರ್ಕಿಡ್‌ಗೆ ಇಟ್ಟರು.

ಕಷ್ಟ ಅಲ್ಲಿಗೇ ಮುಗಿಯಲಿಲ್ಲ. ವರ್ಷಗಳ ಕಾಲ ಕೂಡಿಸಿದ ಚಿಪ್ಪುಗಳ ಸಂಗ್ರಹ 1682ರಲ್ಲಿ ಇಟಲಿಯ ಟಸ್ಕನಿಯ ದೊರೆಯ ಪಾಲಾಯಿತು. 1687ರ ಬೆಂಕಿ ಅನಾಹುತದಲ್ಲಿ ಚಿತ್ರಗಳೂ ಗ್ರಂಥಗಳೂ ಸುಟ್ಟುಹೋದವು. ಮಗ ಮತ್ತು ಸಹಾಯಕರ ನೆರವಿನಿಂದ ಮತ್ತೆ ಚಿತ್ರ ಬರೆಸಿದರು. ಸಸ್ಯಗಳ ಕುರಿತ ಹಸ್ತಪ್ರತಿ ಸಾಗಿಸುತ್ತಿದ್ದ ಹಡಗನ್ನು 1692ರಲ್ಲಿ ಫ್ರೆಂಚರು ಮುಳುಗಿಸಿದರು. ಅಷ್ಟರಲ್ಲಾಗಲೇ ಬಟಾವಿಯಾದ ಗವರ್ನರ್ ಜನರಲ್ ಒಂದು ಪ್ರತಿ ಮಾಡಿಸಿ ಇಟ್ಟುಕೊಂಡಿದ್ದರಿಂದ ಕೃತಿ ಉಳಿಯಿತು. ಅದು ಹಾಲೆಂಡ್ ತಲುಪಿದ ಮೇಲೂ ಕಂಪನಿ ಪ್ರಕಟಣೆಗೆ ಅನುಮತಿ ನೀಡಲಿಲ್ಲ.

1702ರ ಜೂನ್ 15ರಂದು ರಂಫಿಯಸ್ ಅಂಬೊನ್‌ನಲ್ಲೇ ಕೊನೆಯುಸಿರೆಳೆದರು. ಏಡಿ, ಚಿಪ್ಪು ಮತ್ತು ಖನಿಜಗಳ ಕುರಿತ ಅವರ ಪುಸ್ತಕ ಮುದ್ರಣವಾಗಿದ್ದು 1705ರಲ್ಲಿ. ಸಸ್ಯಗಳ ಬೃಹತ್ ಗ್ರಂಥದ ಪ್ರಕಟಣೆ ಆರಂಭವಾಗಿದ್ದು 1741ರಲ್ಲಿ. ಜೀವಿಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿಗೆ ಬುನಾದಿ ಹಾಕಿದ ಲಿನೇಯಸ್ ಕೂಡ ಚಿಪ್ಪುಗಳ ವಿಚಾರದಲ್ಲಿ ರಂಫಿಯಸ್ ಪುಸ್ತಕವನ್ನು ಆಧರಿಸಿದ್ದರು. ಆದರೆ ಆ ಎರಡು ಪುಸ್ತಕಗಳಲ್ಲಿ ಒಂದನ್ನೂ ಕೈಯಿಂದ ಮುಟ್ಟಿ ನೋಡುವ ಭಾಗ್ಯ ರಂಫಿಯಸ್‌ಗೆ ಸಿಗಲಿಲ್ಲ.