ಉರಿಯುವುದು ಆವಿ: ಮೈಕೇಲ್ ಫ್ಯಾರಡೆಯ ಬಾಳು

ಅರಸೀಕೆರೆಯಲ್ಲಿ ರೈಲಿನಿಂದ ಇಳಿದು ಹಳೇಬೀಡು, ಬೇಲೂರುಗಳ ದಾರಿ ಹಿಡಿದ ಯಾತ್ರಿಕನ ಮನಸ್ಸು ಶಿಲ್ಪದ ಮೇಲಿರುತ್ತದೆ. ಎದುರಿಗೆ ಬರುವ ಪೆಟ್ರೋಲ್ ಟ್ಯಾಂಕರಿನ ಮೇಲಲ್ಲ. ಆದರೆ ಇದೇ ಹಾಸನ ಜಿಲ್ಲೆಯ ನೆಲದಡಿಯಲ್ಲಿ, 2003ರಲ್ಲಿ ಆರಂಭವಾದ ಕೊಳವೆಮಾರ್ಗವೊಂದು ಮಂಗಳೂರಿನಿಂದ ಬೆಂಗಳೂರಿನ ಕಡೆಗೆ ತೈಲವನ್ನು ಒಯ್ಯುತ್ತದೆ. ಪೆಟ್ರೋಲಿನಲ್ಲಿ ಅಲ್ಪಾಂಶವಾಗಿರುವ, ಕಾರ್ಖಾನೆಗಳಲ್ಲಿ ಬಹುಕಾಲ ದ್ರಾವಕವಾಗಿ ಬಳಕೆಯಾದ ಬೆಂಜೀನನ್ನು ಮೊದಲು ಬೇರ್ಪಡಿಸಿದವನು ಮೈಕೇಲ್ ಫ್ಯಾರಡೆ. ಇಂಥ ದ್ರವಗಳ ಸ್ವಭಾವವನ್ನು ಮಕ್ಕಳಿಗೂ ತಿಳಿಯುವಂತೆ ತೋರಿಸಿಕೊಟ್ಟವನೂ ಆತನೇ.

ಫ್ಯಾರಡೆ 1791ರಲ್ಲಿ ಲಂಡನ್ನಿನ ಬಳಿ ಬಡ ಕಮ್ಮಾರನ ಮಗನಾಗಿ ಹುಟ್ಟಿದ. ಶಾಲೆಯ ಓದು ಸ್ವಲ್ಪವೇ. ಹದಿನಾಲ್ಕನೆಯ ವಯಸ್ಸಿನಲ್ಲಿ ಪುಸ್ತಕ ಕಟ್ಟುವವನೊಬ್ಬನ ಬಳಿ ಕೆಲಸ ಕಲಿಯಲು ಸೇರಿ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಬೆಳೆದ. 1812ರಲ್ಲಿ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಿ, ತನ್ನ ಟಿಪ್ಪಣಿಗಳಿಗೆ ತಾನೇ ರಟ್ಟು ಕಟ್ಟಿ ಆ ವಿದ್ವಾಂಸನಿಗೆ ಕಳುಹಿಸಿದ. ಮರುವರ್ಷವೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನಾದ.

ಅಪಾಯದ ಪರಿಚಯ ಆತನಿಗೆ ನೋವಿನಿಂದಲೇ ಆಯಿತು. ಸೇರಿದ ಕೆಲವೇ ವಾರಗಳಲ್ಲಿ ಸ್ಫೋಟವೊಂದು ಕೈಯನ್ನು ಗಾಯಗೊಳಿಸಿತು. 1823ರಲ್ಲಿ, ಅನಿಲವನ್ನು ದ್ರವವಾಗಿಸುವ ಪ್ರಯೋಗದಲ್ಲಿ, ಗಾಜಿನ ನಳಿಗೆ ಸಿಡಿದು ಚೂರುಗಳು ಕಣ್ಣಿಗೆ ಹೊಕ್ಕವು. ಈ ನಡುವೆ 1815ರಲ್ಲಿ ಗಣಿಗಾರರ ರಕ್ಷಾದೀಪವನ್ನು ರೂಪಿಸಲು ಡೇವಿಗೆ ನೆರವಾಗಿದ್ದ. 1825ರಲ್ಲಿ, ದೀಪದ ಅನಿಲವನ್ನು ಒತ್ತಿ ತುಂಬುತ್ತಿದ್ದ ಪಾತ್ರೆಗಳಲ್ಲಿ ಉಳಿಯುತ್ತಿದ್ದ ದ್ರವವನ್ನು ತಾಳ್ಮೆಯಿಂದ ಶೋಧಿಸಿ ಬೆಂಜೀನನ್ನು ಪಡೆದ.

1844ರಲ್ಲಿ ಇಂಗ್ಲೆಂಡಿನ ಹಾಸ್‌ವೆಲ್ ಕಲ್ಲಿದ್ದಲ ಗಣಿಯಲ್ಲಿ ಸ್ಫೋಟವಾಗಿ 95 ಜನ ಸತ್ತರು. ವಿಚಾರಣೆಗೆ ಹೋದವರಲ್ಲಿ ಫ್ಯಾರಡೆಯೂ ಒಬ್ಬ. ಗಣಿಯೊಳಗೆ ಮೇಣದಬತ್ತಿಯ ಬೆಳಕಿನಲ್ಲಿ ಚೀಲವೊಂದರ ಮೇಲೆ ಕುಳಿತು, ಮದ್ದಿನ ಪುಡಿಯನ್ನು ಎಲ್ಲಿ ಇಡುತ್ತೀರೆಂದು ಕೇಳಿದನಂತೆ. ಆತ ಕುಳಿತಿದ್ದುದೇ ಅದರ ಮೇಲೆ! ಅಭ್ಯಾಸವು ಭಯವನ್ನು ಹೇಗೆ ಮರೆಸುತ್ತದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಮುಂದೆ ಮಕ್ಕಳಿಗಾಗಿ ಕೊಟ್ಟ ಮೇಣದಬತ್ತಿಯ ಉಪನ್ಯಾಸಗಳಲ್ಲಿ ಫ್ಯಾರಡೆ ಬತ್ತಿಯ ಬಳಿಯ ಆವಿಯನ್ನು ಗಾಜಿನ ಕೊಳವೆಯಲ್ಲಿ ಹರಿಸಿ, ಅದರ ಇನ್ನೊಂದು ತುದಿಯಲ್ಲಿ ದೀಪ ಹೊತ್ತಿಸಿ ತೋರಿಸಿದ. ಉರಿಯುವುದು ಮೇಣವಲ್ಲ, ಅದರ ಆವಿ. ಚೆಲ್ಲಿದ ದ್ರಾವಕದ ಅಪಾಯವೆಲ್ಲ ಈ ಒಂದು ಮಾತಿನಲ್ಲಿದೆ. ಬೆಂಜೀನಿನ ಆವಿ ಗಾಳಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಭಾರ. ಕಣ್ಣಿಗೆ ಕಾಣದೆ ನೆಲದುದ್ದಕ್ಕೂ ಹರಿದು, ಚರಂಡಿಗಿಳಿದು, ದೂರದ ಒಲೆಯ ಕಿಡಿಯನ್ನು ಮುಟ್ಟಿ ಬೆಂಕಿಯಾಗಿ ಹಿಂದಿರುಗಬಲ್ಲುದು. ಆದ್ದರಿಂದ ದ್ರವ ಚೆಲ್ಲಿದಾಗ ಬೀಡಿಯೂ ಬೇಡ, ವಿದ್ಯುತ್ ಗುಂಡಿಯನ್ನು ಒತ್ತುವುದೂ ಬೇಡ. ಜನರನ್ನು ಗಾಳಿ ಬೀಸಿ ಬರುವ ಕಡೆಗೆ ದೂರ ಸರಿಸಬೇಕು, ಅಗ್ನಿಶಾಮಕರನ್ನು ಕರೆಯಬೇಕು. ಅರಿತವರು ಒಣ ಮರಳಿನಿಂದ ಒಡ್ಡು ಕಟ್ಟಿ, ಹೀರಿಸಿ, ಮುಚ್ಚಿದ ಪಾತ್ರೆಗೆ ತುಂಬಬೇಕು. ನೀರು ಸುರಿದರೆ ದ್ರವ ಅದರ ಮೇಲೆ ತೇಲಿ ಹರಡುತ್ತದೆ. ಚೆಲ್ಲದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಮೇಲು: ಬಿಗಿಯಾದ ಮುಚ್ಚಳ, ಸೋರದ ಕೊಳವೆ, ಸುರಿಯುವಾಗ ಕಿಡಿ ಹುಟ್ಟದಂತೆ ಎರಡು ಲೋಹಪಾತ್ರೆಗಳನ್ನೂ ತಂತಿಯಿಂದ ಭೂಮಿಗೆ ಜೋಡಿಸುವುದು. ಉಸಿರಿಗೆ ಸೇರಿದರೆ ರಕ್ತದ ಕ್ಯಾನ್ಸರಿಗೂ ಬೆಂಜೀನ್ ಕಾರಣವಾಗುತ್ತದೆಂದು ತಿಳಿದುದು ಫ್ಯಾರಡೆಯ ಕಾಲದ ನಂತರ.

ವೂಲಿಚ್ಚಿನ ಸೈನಿಕ ವಿದ್ಯಾಲಯದಲ್ಲಿ ಫ್ಯಾರಡೆಯ ಬಳಿಕ ಅಧ್ಯಾಪಕನಾದ ಫ್ರೆಡರಿಕ್ ಅಬೆಲ್, ಎಣ್ಣೆಯ ಆವಿ ಎಷ್ಟು ಶಾಖದಲ್ಲಿ ಹೊತ್ತುತ್ತದೆಂದು ಅಳೆಯುವ ಉಪಕರಣವನ್ನು ರೂಪಿಸಿದ. 1879ರಲ್ಲಿ ಬ್ರಿಟನ್ನಿನ ಕಾನೂನು ಅದನ್ನು ಒಪ್ಪಿಕೊಂಡಿತು. ಅದನ್ನು ಕಾಣಲು ಫ್ಯಾರಡೆ ಉಳಿದಿರಲಿಲ್ಲ. ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಒಲ್ಲದೆ ಬಾಳಿದ ಆತ 1867ರ ಆಗಸ್ಟ್ 25ರಂದು ತೀರಿಕೊಂಡ.

ಲೋಕ ಆತನನ್ನು ಹೆಚ್ಚಾಗಿ ನೆನೆಯುವುದು ವಿದ್ಯುತ್ತಿಗಾಗಿ. ಆದರೆ 2017ರ ಜೂನ್ 25ರಂದು ಪಾಕಿಸ್ತಾನದ ಅಹ್ಮದ್‌ಪುರದ ಬಳಿ ಮಗುಚಿದ ಟ್ಯಾಂಕರಿನ ಪೆಟ್ರೋಲನ್ನು ಬಾಚಿಕೊಳ್ಳಲು ಕೊಡ ಹಿಡಿದು ಓಡಿದವರಲ್ಲಿ ಇನ್ನೂರಕ್ಕೂ ಹೆಚ್ಚು ಜನ ಬೆಂದು ಸತ್ತರು. ಅವರಿಗೆ ಬೇಕಾಗಿದ್ದುದು ಆ ಮೇಣದಬತ್ತಿಯ ಪಾಠ. ನಮ್ಮ ದಾರಿಗಳಲ್ಲೂ ಟ್ಯಾಂಕರುಗಳು ಓಡುತ್ತಿವೆ. ಒಂದು ಮೇಣದಬತ್ತಿ, ಒಂದು ಗಾಜಿನ ಕೊಳವೆ ಇದ್ದರೆ, ಹಳೇಬೀಡಿನ ಶಾಲೆಯ ಉಪಾಧ್ಯಾಯರೂ ಅದೇ ಪಾಠವನ್ನು ಹೇಳಿಕೊಡಬಲ್ಲರು.