ಸ್ವಂತ ಜಿಲ್ಲೆಗೇ ಕಾಲಿಡಬಾರದು ಎಂದರು: ಐದು ವರ್ಷ ಗಡಿಪಾರಾಗಿದ್ದ ದಿನಕರ ದೇಸಾಯಿ

ಕದ್ರಾ: ದಿನಕರ ದೇಸಾಯಿ ಅಂದ ಕೂಡಲೇ ಹೆಚ್ಚಿನವರಿಗೆ ನೆನಪಾಗೋದು ನಾಲ್ಕು ಸಾಲಿನ ಚುಟುಕ. ಅಂಕೋಲಾ ಕಡೆಯವರಾದರೆ ಕೆನರಾ ವೆಲ್‌ಫೇರ್ ಟ್ರಸ್ಟ್ ಶಾಲೆಗಳ ಹೆಸರನ್ನೂ ಹೇಳುತ್ತಾರೆ. ಆದರೆ ಇದೇ ಮನುಷ್ಯನನ್ನು ಬ್ರಿಟಿಷ್ ಸರ್ಕಾರ ಮಹಾಯುದ್ಧದ ಕಾಲದಲ್ಲಿ ಐದು ವರ್ಷ ಸ್ವಂತ ಜಿಲ್ಲೆಯಿಂದಲೇ ಹೊರಗಿಟ್ಟಿತ್ತು ಅನ್ನೋದು ಈಗಿನ ಎಷ್ಟೋ ಮಂದಿಗೆ ಗೊತ್ತಿಲ್ಲ.

ದೇಸಾಯಿಯವರು ಹುಟ್ಟಿದ್ದು 1909ರ ಸೆಪ್ಟೆಂಬರ್ 10ರಂದು. ಊರು ಅಂಕೋಲಾ ತಾಲ್ಲೂಕಿನ ಅಲಗೇರಿ. ತಂದೆ ದತ್ತಾತ್ರೇಯ ಶಾಲಾ ಮಾಸ್ತರರು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದಿ, ಆಮೇಲೆ ಮುಂಬಯಿಗೆ ಹೋಗಿ ಎಂ.ಎ. ಮತ್ತು ವಕೀಲಿ ಪದವಿ ಮಾಡಿದರು. ಆಗ ನಮ್ಮ ಜಿಲ್ಲೆ ಇದ್ದದ್ದು ಮುಂಬಯಿ ಪ್ರಾಂತ್ಯದಲ್ಲಿ. ಕೆಲಸ ಹುಡುಕುವವರೂ ಓದುವವರೂ ಹೋಗೋದು ಅತ್ತ ಕಡೆಗೇ.

ಕರಿಕೋಟು ಹಾಕಿಕೊಂಡು ಚೆನ್ನಾಗಿ ದುಡಿಯಬಹುದಿತ್ತು. ಆದರೆ ಅವರು ಸೇರಿದ್ದು ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಕಟ್ಟಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯನ್ನು. ಅಲ್ಲಿ ಸದಸ್ಯರಾಗುವವರು ತಮಗಾಗಿ ಹಣ ಗಳಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಬೇಕು. ಸಂಸ್ಥೆ ಕೊಟ್ಟಷ್ಟರಲ್ಲೇ ಸಂಸಾರ ನಡೆಸಬೇಕು. ಮುಂಬಯಿಯಲ್ಲಿ ಹಡಗಿನ ಕೆಲಸಗಾರರ ನಡುವೆ ದುಡಿದ ದೇಸಾಯಿಯವರು ಭಾರತದ ಹಡಗು ಕಾರ್ಮಿಕರ ಸ್ಥಿತಿಗತಿ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನೇ ಬರೆದರು.

ಇತ್ತ ಊರಲ್ಲಿ ಪರಿಸ್ಥಿತಿ ಬೇರೆಯೇ ಇತ್ತು. 1930ರ ಉಪ್ಪಿನ ಸತ್ಯಾಗ್ರಹ, ಆಮೇಲಿನ ಕರನಿರಾಕರಣೆ ಇವುಗಳಿಂದ ಅಂಕೋಲಾಕ್ಕೆ ಕರ್ನಾಟಕದ ಬಾರ್ಡೋಲಿ ಅನ್ನುವ ಹೆಸರು ಬಂದಿತ್ತು. ಕರ ಕೊಡದೆ ಜಮೀನು ಕಳೆದುಕೊಂಡವರೂ ಇದ್ದರು. ಆದರೆ ಮೊದಲಿನಿಂದಲೂ ಜಮೀನೇ ಇಲ್ಲದವರ ಕಷ್ಟ ಬೇರೆ. ಹಾಲಕ್ಕಿ ಒಕ್ಕಲಿಗರಂಥ ಗೇಣಿ ಒಕ್ಕಲುಗಳು ಒಡೆಯರ ಗದ್ದೆ ಹೂಡಿ ಬೆಳೆದ ಭತ್ತದಲ್ಲಿ ಗೇಣಿ ಅಳೆದುಕೊಟ್ಟ ಮೇಲೆ ಮನೆಗೆ ಉಳಿಯೋದು ಅಷ್ಟಕ್ಕಷ್ಟೇ. ಒಡೆಯರಿಗೆ ಎದುರು ಮಾತಾಡಿದರೆ ಮುಂದಿನ ವರ್ಷ ಗದ್ದೆ ಬೇರೆಯವರ ಪಾಲು. ದೇಸಾಯಿಯವರು ಈ ಒಕ್ಕಲುಗಳನ್ನು ಒಟ್ಟು ಸೇರಿಸಿ ಸಂಘ ಕಟ್ಟಿದರು. ಉಳುವವನಿಗೇ ಭೂಮಿ ಸಿಗಬೇಕು ಅನ್ನುವ ಮಾತು ಜಿಲ್ಲೆಯ ಕರಾವಳಿಯಲ್ಲಿ ಆಗಲೇ ಕೇಳಿಬಂತು.

ಅಷ್ಟರಲ್ಲಿ ಯುದ್ಧ ಬಂತು. 1939ರ ಸೆಪ್ಟೆಂಬರಿನಲ್ಲಿ ಭಾರತೀಯರನ್ನು ಒಂದು ಮಾತೂ ಕೇಳದೆ ವೈಸರಾಯ್ ಈ ದೇಶವನ್ನೂ ಯುದ್ಧಕ್ಕೆ ಸೇರಿಸಿದರು. ಅದನ್ನು ಪ್ರತಿಭಟಿಸಿ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು, ಅಧಿಕಾರ ಗವರ್ನರ್ ಕೈಗೆ ಹೋಯಿತು. ಭಾರತ ರಕ್ಷಣಾ ಕಾಯ್ದೆ ಜಾರಿಗೆ ಬಂತು. ಆ ಕಾಯ್ದೆಯಡಿ ವಿಚಾರಣೆ ಇಲ್ಲದೆ ಯಾರನ್ನಾದರೂ ಹಿಡಿದಿಡಬಹುದಿತ್ತು. ಇಂಥ ಊರಲ್ಲೇ ಇರಬೇಕು, ಇಂಥ ಕಡೆ ಹೋಗಬಾರದು ಅಂತಲೂ ಕಟ್ಟಪ್ಪಣೆ ಮಾಡಬಹುದಿತ್ತು.

ಹೀಗೆ ಜನರನ್ನು ಕೂಡಿಹಾಕೋದು ಬ್ರಿಟಿಷರಿಗೆ ಹೊಸದಲ್ಲ. ಮೊದಲ ಮಹಾಯುದ್ಧದಲ್ಲಿ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಅಹಮದ್‌ನಗರದ ಶಿಬಿರಕ್ಕೆ ಒಯ್ದಿದ್ದರು. ಜರ್ಮನ್ ಹೆಂಗಸರು, ಮಕ್ಕಳಿಗೆ ಬೆಳಗಾವಿಯಲ್ಲಿ ಶಿಬಿರ ಇತ್ತು. ಎರಡನೇ ಯುದ್ಧದಲ್ಲಿ ಜರ್ಮನ್ನರಿಗೆ ಡೆಹ್ರಾಡೂನ್ ಶಿಬಿರ, ನಮ್ಮವರೇ ಆದ ರಾಜಕೀಯ ಕೈದಿಗಳಿಗೆ ರಾಜಸ್ಥಾನದ ದೇವಳಿ ಶಿಬಿರ. ದೇವಳಿಯಲ್ಲಿದ್ದ ಜಯಪ್ರಕಾಶ ನಾರಾಯಣರು ಮತ್ತು ಸಂಗಡಿಗರು 1941ರಲ್ಲಿ ಉಪವಾಸ ಕೂತರು. ಸ್ವಾತಂತ್ರ್ಯ ಬಂದ ಮೇಲೆ, 1962ರ ಚೀನಾ ಯುದ್ಧದಲ್ಲಿ, ಚೀನಾ ಮೂಲದ ಕುಟುಂಬಗಳನ್ನು ನಮ್ಮ ಸರ್ಕಾರವೂ ಕೂಡಿಹಾಕಿದ್ದು ಇದೇ ದೇವಳಿಯಲ್ಲಿ.

ದೇಸಾಯಿಯವರಿಗೆ ಬಂದದ್ದು ತಂತಿಬೇಲಿ ಅಲ್ಲ, ಅದರ ಉಲ್ಟಾ. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಶಿಬಿರದೊಳಗೆ ಇದ್ದವನು ಹೊರಗೆ ಬರಬಾರದು, ಗಡಿಪಾರಾದವನು ಒಳಗೆ ಬರಬಾರದು. ಇಷ್ಟೇ ವ್ಯತ್ಯಾಸ. ಬೇರೆ ಊರಲ್ಲಿ ಓಡಾಡಬಹುದು, ಉಣ್ಣಬಹುದು. ಆದರೆ ಕಾರವಾರದ ಬಂದರು ನೋಡುವ ಹಾಗಿಲ್ಲ, ಅಂಕೋಲೆಯ ಮನೆಗೆ ಬರುವ ಹಾಗಿಲ್ಲ. ಕದ್ರಾ ಆಣೆಕಟ್ಟಿಗೆ, ಸೀಬರ್ಡ್ ನೌಕಾನೆಲೆಗೆ ಮನೆಮಠ ಬಿಟ್ಟವರು ಇರುವ ಈ ತಾಲ್ಲೂಕಿನಲ್ಲಿ ಸರ್ಕಾರದ ಒಂದು ಕಾಗದಕ್ಕೆ ಎಷ್ಟು ಬಲ ಇರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ನಷ್ಟ ಅವರೊಬ್ಬರದ್ದೇ ಆಗಿರಲಿಲ್ಲ. ಓದುಬರಹ ಬಾರದ ಒಕ್ಕಲುಗಳ ಪರವಾಗಿ ಕಾನೂನು ಗೊತ್ತಿದ್ದವರು ಒಬ್ಬರು ನಿಂತಿದ್ದರು. ಅವರನ್ನೇ ದೂರ ಇಟ್ಟರೆ ಸಂಘ ತಣ್ಣಗಾಗುತ್ತದೆ, ಇದು ಯಾರಿಗಾದರೂ ಅರ್ಥವಾಗುವ ಲೆಕ್ಕ. ಐದು ವರ್ಷ ಅಂದರೆ ಐದು ಮಳೆಗಾಲ, ಐದು ಸುಗ್ಗಿ.

1945ರಲ್ಲಿ ಯುದ್ಧ ಮುಗಿಯಿತು. ಗಡಿಪಾರೂ ಕೊನೆಗೊಂಡಿತು. ಮೂರು ವರ್ಷದ ಮೇಲೆ, 1948ರಲ್ಲಿ, ಮುಂಬಯಿ ಪ್ರಾಂತ್ಯದಲ್ಲಿ ಗೇಣಿದಾರರಿಗೆ ರಕ್ಷಣೆ ಕೊಡುವ ಕಾಯ್ದೆ ಬಂತು. ಉತ್ತರ ಕನ್ನಡದ ಹೆಚ್ಚಿನ ಒಕ್ಕಲುಗಳ ಹೆಸರಿಗೆ ಭೂಮಿ ಬರೋದಕ್ಕೆ ಮಾತ್ರ 1974ರ ಭೂಸುಧಾರಣೆವರೆಗೂ ಕಾಯಬೇಕಾಯಿತು.

ಭೂಮಿಯಷ್ಟೇ ಸಾಲದು, ಮಕ್ಕಳು ಓದಬೇಕು ಅಂತ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಶುರು ಮಾಡಿದರು. ಹೈಸ್ಕೂಲು ಅಂದರೆ ಪೇಟೆಯ ಮಕ್ಕಳಿಗೆ ಮಾತ್ರ ಅನ್ನುವಂತಿದ್ದ ಕಾಲದಲ್ಲಿ ಹಳ್ಳಿಗಳಲ್ಲಿ ಜನತಾ ವಿದ್ಯಾಲಯಗಳು ಎದ್ದವು. ಟ್ರಸ್ಟಿನ ಅಂಕೋಲಾ ಕಾಲೇಜು ಶುರುವಾದದ್ದು 1966ರಲ್ಲಿ. ಅದು ಗೋಖಲೆಯವರು ಹುಟ್ಟಿ ನೂರು ತುಂಬಿದ ವರ್ಷ. ಅದಕ್ಕೇ ಅದು ಗೋಖಲೆ ಸೆಂಟಿನರಿ ಕಾಲೇಜು.

ಮರುವರ್ಷ, 1967ರಲ್ಲಿ, ಲೋಕಸಭೆ ಚುನಾವಣೆ. ದೇಸಾಯಿಯವರು ಯಾವ ಪಕ್ಷದ ಹಂಗೂ ಇಲ್ಲದೆ ಪಕ್ಷೇತರರಾಗಿ ನಿಂತು ಗೆದ್ದರು. ಯಾವ ಜಿಲ್ಲೆಗೆ ಕಾಲಿಡಬಾರದು ಅಂತ ಒಂದು ಸರ್ಕಾರ ತಡೆದಿತ್ತೋ, ಅದೇ ಜಿಲ್ಲೆಯ ಜನ ಅವರನ್ನು ದಿಲ್ಲಿಗೆ ಕಳಿಸಿದರು.

ಇದೆಲ್ಲದರ ನಡುವೆ ಬರವಣಿಗೆ ಬಿಡಲಿಲ್ಲ. ಮಕ್ಕಳ ಪದ್ಯ, ಪ್ರವಾಸ ಕಥನ, ಜೊತೆಗೆ ಅಂಗಡಿ ಕಟ್ಟೆಯಲ್ಲೂ ಬಾಯಿಪಾಠ ಹೇಳುವಂಥ ಚೌಪದಿಗಳು. ಅಧಿಕಾರಿ, ಪುಢಾರಿ, ಲಂಚಕೋರ ಯಾರನ್ನೂ ಅವರ ನಾಲ್ಕು ಸಾಲು ಬಿಡುತ್ತಿರಲಿಲ್ಲ. 1982ರ ನವೆಂಬರ್ 6ರಂದು ಅವರು ತೀರಿಕೊಂಡರು.

ಗಡಿಪಾರು ಮಾಡಿದ ಸರ್ಕಾರ ಹೋಗಿ ಎಂಟು ದಶಕ ಹತ್ತಿರವಾಯಿತು. ಅವರು ಕಟ್ಟಿದ ಶಾಲೆಗಳಲ್ಲಿ ಮಾತ್ರ ಇವತ್ತೂ ಬೆಳಿಗ್ಗೆ ಗಂಟೆ ಹೊಡೆಯುತ್ತದೆ, ಒಕ್ಕಲುಗಳ ಮೊಮ್ಮಕ್ಕಳು ಚೀಲ ಹೆಗಲಿಗೆ ಹಾಕಿಕೊಂಡು ಒಳಗೆ ಹೋಗುತ್ತಾರೆ.